ಚೇಳು ಕುಟುಕಿದೆಯೇ? ಅಂಗಾಲು ಮುಟ್ಟಿ ನೋಡಿ

ಚೇಳು ಕುಟುಕಿದವರು ಕಿರುಚುತ್ತಿದ್ದರೆ ಮನೆಯವರಿಗೆ ಗಾಬರಿ. ಸುಮ್ಮನಾದರೆ ವಿಷ ಇಳಿಯಿತೆಂಬ ಸಮಾಧಾನ. ಕೊಂಕಣದಲ್ಲೂ ನಮ್ಮ ರಾಜ್ಯದಲ್ಲೂ ಇರುವ ಕೆಂಪು ಚೇಳಿನ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಕುಟುಕಿದ ಜಾಗದಲ್ಲಿ ತಡೆಯಲಾರದ ಉರಿ, ಬೇರೇನೂ ಇಲ್ಲ ಎಂದರೆ ಸಾಮಾನ್ಯವಾಗಿ ಜೀವಕ್ಕೆ ಭಯವಿಲ್ಲ. ಉರಿ ಅಷ್ಟಕ್ಕಷ್ಟೇ, ಆದರೆ ಅಂಗಿ ತೊಯ್ಯುವಷ್ಟು ಬೆವರು ಎಂದರೆ ವಿಷ ಹೃದಯದ ಕೆಲಸಕ್ಕೆ ಕೈಹಾಕಿದೆ.

ಮೊದಲು, ಕುಟುಕಿದ್ದು ಯಾವುದೆಂದು ಕಣ್ಣಿಗೆ ಬಿದ್ದರೆ ಗಮನಿಸಿ. ದೊಡ್ಡ ಮೈ, ಕಪ್ಪು ಬಣ್ಣ, ದಪ್ಪ ಇಕ್ಕಳದ ಚೇಳು ನೋಡಲಷ್ಟೇ ಭಯಂಕರ. ಸಪೂರ ಇಕ್ಕಳ, ದಪ್ಪ ಬಾಲ, ಕೆಂಗಂದು ಬಣ್ಣದ ಸಣ್ಣ ಚೇಳಿಗೆ ಹೆದರಬೇಕು. ಅದನ್ನು ಹುಡುಕಲು ಸೌದೆ ರಾಶಿ ಕೆದಕಬೇಡಿ.

ಆಮೇಲೆ ಉಂಗುರ, ಬಳೆ ತೆಗೆದು, ಗಾಯ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಮಂತ್ರವೂ ಬೇಡ. ಬಹುಪಾಲು ನೋವು ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. ಮಂತ್ರ ಹಾಕುವವರಿಗೆ ಹೆಸರು ಬಂದಿರುವುದು ಹಾಗೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಂಗೈ, ಅಂಗಾಲು ಮುಟ್ಟಿ ನೋಡುತ್ತಿರಿ. ಈ ವಿಷ ನರಗಳನ್ನು ಕೆರಳಿಸಿ, ಅಡ್ರಿನಲಿನ್ ಬಗೆಯ ರಾಸಾಯನಿಕಗಳನ್ನು ಮೈತುಂಬ ಸುರಿಸುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಕೈಕಾಲು ತಣ್ಣಗಾಗುತ್ತದೆ, ರಕ್ತದೊತ್ತಡ ಏರುತ್ತದೆ. ಆ ಬಿಗಿತದ ಎದುರು ದುಡಿದು ದುಡಿದು ಹೃದಯ ಸೋತಾಗ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ವಾಂತಿ, ಜೊಲ್ಲು, ಬೆವರು ಮೊದಲ ಸೂಚನೆಗಳು. ಗಂಡುಮಕ್ಕಳಲ್ಲಿ ಶಿಶ್ನ ನಿಮಿರಿರುವುದೂ ಒಂದು ಸೂಚನೆ. ಮನೆಯವರು ಸಂಕೋಚದಿಂದ ನುಂಗಿಕೊಳ್ಳುವ ಈ ಮಾತು ವೈದ್ಯರಿಗೆ ದೊಡ್ಡ ಸುಳಿವು, ಹೇಳಿಬಿಡಿ. ಕೆಮ್ಮು, ಗುಲಾಬಿ ಬಣ್ಣದ ನೊರೆ ಬಂದಿತೆಂದರೆ ಆಗಲೇ ತಡವಾಗಿದೆ.

ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಮಕ್ಕಳಾದರೆ ಯಾವ ಲಕ್ಷಣಕ್ಕೂ ಕಾಯಬೇಡಿ.

ಅಲ್ಲಿ ಕೊಡುವ ಮುಖ್ಯ ಔಷಧ ಪ್ರಜೋಸಿನ್, ರಕ್ತದೊತ್ತಡದ ಅಗ್ಗದ ಮಾತ್ರೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಇದರ ಫಲವನ್ನು 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಮುಂಚೆ ತೀವ್ರ ಪ್ರಕರಣಗಳಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿ ಸಾಯುತ್ತಿದ್ದರು. ಆಮೇಲೆ ಅದು ನಾಲ್ಕಕ್ಕಿಂತ ಕೆಳಗಿಳಿಯಿತು. ಚೇಳಿನ ಪ್ರತಿವಿಷವನ್ನೂ ಜೊತೆಗೆ ಕೊಟ್ಟರೆ ಚೇತರಿಕೆ ಬೇಗ ಎಂದು ಅವರ 2011ರ ಅಧ್ಯಯನ ತೋರಿಸಿತು. ಹಾವಿನ ಪ್ರತಿವಿಷ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಅಗ್ಗವೆಂದು ಪ್ರಜೋಸಿನ್ ಅನ್ನು ಮನೆಯಲ್ಲಿ ನುಂಗಿಸಬೇಡಿ. ಮಾತ್ರೆ ಕೊಟ್ಟ ಮೇಲೆ ಎದ್ದು ನಿಂತರೆ ರಕ್ತದೊತ್ತಡ ಥಟ್ಟನೆ ಕುಸಿಯಬಹುದು; ಅದಕ್ಕೇ ಆಸ್ಪತ್ರೆಯಲ್ಲಿ ಮಲಗಿಸಿಯೇ ಇರುತ್ತಾರೆ. ಮಗುವನ್ನು ಎತ್ತಿಕೊಂಡು ಓಡಾಡಬೇಡಿ. ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ ಮಾತ್ರೆ ಮುಂದುವರಿಯುತ್ತದೆ. ಅಂಗಾಲು ಬೆಚ್ಚಗಾಗುವ ಹೊತ್ತಿಗೆ, ಅಷ್ಟು ಹೊತ್ತು ಸುಮ್ಮನಿದ್ದ ಮಗು ಬೆರಳು ಉರಿಯುತ್ತಿದೆ ಎಂದು ಅಳಲು ತೊಡಗಬಹುದು. ವೈದ್ಯರು ಕಾಯುವುದು ಆ ಅಳುವಿಗೇ.