ಮಗುವಿನ ಇಸುಬಿಗೆ ಕ್ರೀಮ್: ತಿಕ್ಕಬೇಡಿ, ಸವರಿ

ಕಳೆದ ಚಳಿಗಾಲದಲ್ಲಿ ಮಡಿಕೇರಿಯ ನೆಂಟರ ಮನೆಗೆ ಹೋಗಿದ್ದೆ. ನಾಲ್ಕು ವರ್ಷದ ಮಗಳ ಮೊಣಕೈ ಮಡಿಕೆ ಕೆಂಪಗೆ ಒಡೆದಿತ್ತು. ಡಾಕ್ಟರು ಇಸುಬು (ಎಕ್ಸಿಮಾ) ಎಂದಿದ್ದರಂತೆ. "ದಿನಾ ಕ್ರೀಮ್ ಹಚ್ಚುತ್ತೇವೆ, ಗುಣವೇ ಇಲ್ಲ" ಎಂದರು. 50 ಗ್ರಾಂ ಡಬ್ಬಿ ತಂದು ಎರಡು ತಿಂಗಳಾಗಿತ್ತು, ಅರ್ಧ ಹಾಗೇ ಇತ್ತು! ಅದು ಔಷಧಿ ಮುಲಾಮಲ್ಲ, ಚರ್ಮ ಒಣಗದಂತೆ ಹಚ್ಚುವ ಮಾಯಿಶ್ಚರೈಸರ್ ಕ್ರೀಮ್. ಮೈಯೆಲ್ಲ ಒಣಗಿರುವ ಮಗುವಿಗೆ ಅದು ವಾರಕ್ಕೇ 250ರಿಂದ 500 ಗ್ರಾಂ ಬೇಕು.

ಮೊದಲು ಡಬ್ಬಿ. ಪರಿಮಳ ಇಲ್ಲದ್ದನ್ನೇ ತನ್ನಿ. ಘಮಘಮ ಅನ್ನುವ ಬೇಬಿ ಲೋಷನ್ ಬೇಡವೇ ಬೇಡ, ಉರಿ ಜಾಸ್ತಿಯಾಗುತ್ತದೆ. ಚಳಿಗಾಲಕ್ಕೆ ನನ್ನ ಆಯ್ಕೆ ಬಿಳಿ ಪೆಟ್ರೋಲಿಯಂ ಜೆಲ್ಲಿ. ಮಳೆಗಾಲದಲ್ಲಿ ಅಂಟಂಟು ಅನಿಸಿದರೆ ಕ್ರೀಮ್ ಸಾಕು. ಆಲಿವ್ ಎಣ್ಣೆ, ಸಾಸಿವೆ ಎಣ್ಣೆ ಚರ್ಮವನ್ನು ಇನ್ನಷ್ಟು ಕೆಡಿಸುತ್ತವೆ.

ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ, ಸೋಪು ಬೇಡ. ಹಂಡೆಯ ಕುದಿನೀರನ್ನು ಉಗುರುಬೆಚ್ಚಗೆ ಬೆರೆಸಿ. ಚಳಿ ಅಂತ ಬಿಸಿಬಿಸಿ ಹೊಯ್ದರೆ ಚರ್ಮ ಇನ್ನೂ ಒಣಗುತ್ತದೆ.

ಎಲ್ಲರೂ ತಪ್ಪುವುದು ಇದಾದ ಮೇಲೆ. ಟವೆಲಿನಿಂದ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೆಯಿರಿ. ಮೈ ಇನ್ನೂ ತುಸು ಹಸಿ ಇರುವಾಗಲೇ, ಮೂರು ನಿಮಿಷದೊಳಗೆ ಹಚ್ಚಿ. ಡಬ್ಬಿಗೆ ಬೆರಳು ಅದ್ದಬೇಡಿ, ಕ್ರಿಮಿ ಸೇರುತ್ತದೆ. ತೊಳೆದು ಒರೆಸಿದ ಚಮಚದಿಂದ ತೆಗೆಯಿರಿ. ಅಂಗೈಯಲ್ಲಿ ಬೆಚ್ಚಗೆ ಮಾಡಿ, ಕೈಕಾಲಿನ ಮೇಲೆ ಅಲ್ಲಲ್ಲಿ ಚುಕ್ಕೆ ಇಡಿ. ಆಮೇಲೆ ಕೂದಲು ಮಲಗಿರುವ ದಿಕ್ಕಿಗೇ, ಮೇಲಿಂದ ಕೆಳಗೆ ಸವರಿ. ಸುತ್ತಿ ಸುತ್ತಿ ತಿಕ್ಕಿದರೆ ಕೂದಲ ಬುಡ ಕಟ್ಟಿಕೊಂಡು ಗುಳ್ಳೆ ಏಳಬಹುದು, ತುರಿಕೆಯೂ ಕೆರಳುತ್ತದೆ. ಚರ್ಮ ಮಿರಮಿರ ಹೊಳೆಯಬೇಕು. ಜಿಡ್ಡಾಯಿತು ಅಂತ ಒರೆಸಬೇಡಿ, ತಾನಾಗಿ ಇಂಗುತ್ತದೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತು ಮರೆಯಬೇಡಿ.

ದಿನಕ್ಕೆ ಎರಡು ಸಲವಾದರೂ ಬೇಕು. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಬೆಳಿಗ್ಗೆ ತಪ್ಪಿದರೂ ರಾತ್ರಿಯದನ್ನು ಬಿಡಬೇಡಿ. ಡಾಕ್ಟರು ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದರೆ ಎರಡಕ್ಕೂ ನಡುವೆ ಅರ್ಧ ಗಂಟೆ ಬಿಡಿ.

ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಲಿ, ಸ್ವೆಟರ್ ಅದರ ಮೇಲೆ. ಕ್ರೀಮ್ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಹಚ್ಚಿದ ಮಗುವನ್ನು ಒಲೆ ಮುಂದೆ ಚಳಿ ಕಾಯಿಸಲು ಕೂರಿಸಬೇಡಿ.

ಕೆಂಪು ಹೋಯಿತೆಂದು ನಿಲ್ಲಿಸುವವರೇ ಜಾಸ್ತಿ. ನುಣುಪಾದ ಮೇಲೂ ಹಚ್ಚುತ್ತಿರಿ. ಗಾಯ ಸೋರಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ, ಅದು ಸೋಂಕಿರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.