ಮೈಲೋಮಾಗೆ ಬೋರ್ಟೆಜೊಮಿಬ್ ಶುರುವಾಗಿದೆಯೇ? ಮನೆಯವರು ನೋಡಿಕೊಳ್ಳಬೇಕಾದ್ದು

ಮೈಲೋಮಾ ಅಂದರೆ ಮೂಳೆಮಜ್ಜೆಯಲ್ಲಿ ಬರುವ ಒಂದು ರಕ್ತದ ಕ್ಯಾನ್ಸರ್, ಬೋರ್ಟೆಜೊಮಿಬ್ ಅದಕ್ಕೆ ಕೊಡುವ ಇಂಜೆಕ್ಷನ್. ಮೊದಲು ಈ ಔಷಧಿ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ನಮ್ಮ ಜೀವಕೋಶದಲ್ಲಿ ಕೆಟ್ಟುಹೋದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಚೀಟಿಯ ಹಾಗೆ ಅಂಟಿಕೊಳ್ಳುತ್ತದೆ. ಆ ಗುರುತು ಇದ್ದದ್ದನ್ನು ಪ್ರೋಟಿಯಾಸೋಮ್ ಎಂಬ, ಕೋಶದೊಳಗಿನ ಕಸ ಕತ್ತರಿಸುವ ಯಂತ್ರ ತುಂಡು ತುಂಡು ಮಾಡುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ನೊಬೆಲ್ ಬಂತು. ಮೈಲೋಮಾ ಕೋಶಗಳು ಬಿಡುವಿಲ್ಲದೆ ಆಂಟಿಬಾಡಿ ಪ್ರೋಟೀನ್ ತಯಾರಿಸುತ್ತವೆ, ಹಾಗಾಗಿ ಅವುಗಳಲ್ಲಿ ಕಸ ಜಾಸ್ತಿ, ಬೋರ್ಟೆಜೊಮಿಬ್ ಪ್ರೋಟಿಯಾಸೋಮನ್ನು ತಡೆದರೆ ಆ ಕಸ ಒಳಗೇ ತುಂಬಿ ಕೋಶ ಸಾಯುತ್ತದೆ. ಆದರೆ ಪ್ರೋಟಿಯಾಸೋಮ್ ಎಲ್ಲ ಕೋಶಗಳಲ್ಲೂ ಇದೆ ಅಲ್ವಾ? ಅದಕ್ಕೇ ಅಡ್ಡಪರಿಣಾಮ.

ಎಲ್ಲಕ್ಕಿಂತ ಮುಖ್ಯ, ನರ. ಪ್ರತಿ ಇಂಜೆಕ್ಷನ್‌ಗೆ ಮುಂಚೆ ಕೇಳಿ: ಪಾದದಲ್ಲಿ ಜೋಮು, ಉರಿ ಇದೆಯಾ? ಅಂಗಿ ಗುಂಡಿ ಹಾಕಲು ಕಷ್ಟವಾ? ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುತ್ತಿಲ್ಲವಾ? ಔಷಧಿ ನಿಲ್ಲಿಸಿಬಿಡುತ್ತಾರೆ ಅನ್ನೋ ಹೆದರಿಕೆಗೆ ಹಿರಿಯರು ಎಷ್ಟೋ ಸಲ ಸುಮ್ನೆ ಸಹಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಸಹಿಸಿಕೊಳ್ಳಲು ಬಿಡಬೇಡಿ. ಬೇಗ ಹೇಳಿದರೆ ಡಾಕ್ಟರು ಡೋಸ್ ಇಳಿಸಬಹುದು, ಇಲ್ಲವೇ ವಾರಕ್ಕೊಂದು ಮಾಡಬಹುದು. ತಡವಾದರೆ ಆ ಉರಿ ಪೂರ್ತಿ ಹೋಗದೆ ಉಳಿದುಬಿಡಬಹುದು. ರಕ್ತನಾಳಕ್ಕೆ ಕೊಡುವುದಕ್ಕಿಂತ ಚರ್ಮದಡಿ ಕೊಟ್ಟರೆ ನರದ ತೊಂದರೆ ಕಡಿಮೆ, ಅದನ್ನೂ ಕೇಳಿ. ಹೊಟ್ಟೆ, ತೊಡೆ ಅಂತ ಪ್ರತಿಸಲ ಜಾಗ ಬದಲಿಸಬೇಕು, ಎಲ್ಲಿ ಚುಚ್ಚಿದರು ಅಂತ ಬರೆದಿಟ್ಟುಕೊಳ್ಳಿ.

ಗ್ರೀನ್ ಟೀ ಬೇಡ. ಅದರಲ್ಲಿರುವ ಒಂದು ಅಂಶ ಈ ಔಷಧಿಗೇ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ವಿಟಮಿನ್ ಸಿ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ನೆಂಟರು ಪ್ರೀತಿಯಿಂದ ತಂದ ಪುಡಿ, ಲೇಹ್ಯಗಳನ್ನೂ ತೋರಿಸಿಯೇ ಕೊಡಿ.

ಸರ್ಪಸುತ್ತು ಬರದಿರಲಿ ಅಂತ ಅಸೈಕ್ಲೋವಿರ್ ಮಾತ್ರೆ ಕೊಡುತ್ತಾರೆ. ಗುಳ್ಳೆ ಏನೂ ಇಲ್ಲವಲ್ಲ ಅಂತ ನಿಲ್ಲಿಸಬೇಡಿ. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಶುಗರ್ ಮಾತ್ರೆ ತಿನ್ನುವವರು ಶುಗರ್ ಇನ್ನೂ ಆಗಾಗ ನೋಡಿಕೊಳ್ಳಬೇಕು. ಎದ್ದು ನಿಂತಾಗ ತಲೆ ತಿರುಗಬಹುದು, ರಾತ್ರಿ ಜೊತೆಗೆ ಯಾರಾದರೂ ಇರಲಿ.

ಜೊತೆಗೆ ಲೆನಾಲಿಡೊಮೈಡ್ ಎಂಬ ಇನ್ನೊಂದು ಮೈಲೋಮಾ ಔಷಧಿ ಇದ್ದರೆ ಅದರ ದಾರಿ ಬೇರೆ. ಮೈಲೋಮಾ ಬದುಕಲು ಬೇಕಾದ ಇಕಾರೋಸ್, ಐಯೋಲೋಸ್ ಪ್ರೋಟೀನುಗಳಿಗೇ ಅದು ಯುಬಿಕ್ವಿಟಿನ್ ಅಂಟುವಂತೆ ಮಾಡುತ್ತದೆ. ಇದು ಹಿಂದೆ ಹೊಟ್ಟೆಯಲ್ಲಿರುವ ಮಗುವಿಗೆ ಅಂಗವೈಕಲ್ಯ ತಂದ ಥಾಲಿಡೊಮೈಡ್ ಔಷಧಿಯ ಕುಟುಂಬದ್ದು, ಗರ್ಭಿಣಿಯರು ಖಂಡಿತ ತೆಗೆದುಕೊಳ್ಳಬಾರದು. ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ, ಹಾಗಾಗಿ ಒಂದೇ ಕಾಲು ಊದಿಕೊಂಡು ನೋವಾದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.