ಉರಿಮೂತ್ರದ ಕಾಟ ನಿಂತ ಬಗೆ: ನನ್ನ ಅನುಭವ

ನಾನು ಆ್ಯಂಟಿಬಯೋಟಿಕ್ ನುಂಗದೆ ಹತ್ತಿರ ಹತ್ತಿರ ಎರಡು ವರ್ಷವಾಯಿತು. ಮುಟ್ಟು ನಿಂತ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮೂತ್ರದ ಸೋಂಕು ತಪ್ಪುತ್ತಿರಲಿಲ್ಲ. ಆ ಗುಳಿಗೆ ಇಲ್ಲದೆ ಇದು ನಿಲ್ಲುವಂಥದ್ದಲ್ಲ ಎಂದವರೇ ಹೆಚ್ಚು. ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ದಾರಿ. ಔಷಧಿಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೋಂಕು ತಡೆಯುತ್ತದೆ ಎಂದು ಮಾರುವ ಡಿ-ಮ್ಯಾನೋಸ್ ಎಂಬ ಸಕ್ಕರೆಯ ಪುಡಿಗೇ ಹೋಗುತ್ತಿತ್ತು. ಸೋಂಕು ಮಾತ್ರ ತನ್ನ ಪಾಡಿಗೆ ಬಂದುಹೋಗುತ್ತಿತ್ತು. 2024ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 600 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು: ಈ ಪುಡಿಗೂ ಹುಸಿ ಪುಡಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕ್ರಾನ್‌ಬೆರಿ ಅಷ್ಟು ಕೆಟ್ಟದ್ದಲ್ಲ, ಕೆಲವರಿಗೆ ಸೋಂಕು ತಗ್ಗುತ್ತದೆ. ಆದರೆ ಆ ಹಣ್ಣಿನಲ್ಲಿ ಕೆಲಸ ಮಾಡುವ ಅಂಶವಾದ ಪ್ರೋಆಂಥೋಸಯನಿಡಿನ್ ಎಷ್ಟಿದೆ ಎಂದು ಡಬ್ಬಿಯ ಮೇಲೆ ಬರೆಯದಿದ್ದರೆ ಕೊಳ್ಳಬೇಡಿ.

ದಾರಿ ತೋರಿಸಿದ್ದು ಕಲ್ಚರ್ ಪರೀಕ್ಷೆ, ಅಂದರೆ ಮೂತ್ರದಲ್ಲಿ ಯಾವ ಕ್ರಿಮಿ ಬೆಳೆಯುತ್ತದೆ ಎಂದು ನೋಡುವುದು. ಉರಿ ಶುರುವಾದ ಕೂಡಲೇ ಗುಳಿಗೆಗಿಂತ ಮೊದಲು ಮಾದರಿ ಕೊಡುವ ನಿಯಮ ಮಾಡಿಕೊಂಡೆ. ವರದಿಗಳನ್ನು ಸಾಲಾಗಿ ಹರಡಿಕೊಂಡು ನೋಡಿದರೆ ಕೆಲವದರಲ್ಲಿ ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ, ಇನ್ನು ಕೆಲವದರಲ್ಲಿ ಏನೂ ಬೆಳೆದಿಲ್ಲ! ಆ ಉರಿ ಮುಟ್ಟು ನಿಂತ ಮೇಲೆ ಒಣಗಿದ ಚರ್ಮದ್ದು, ಸೋಂಕಿನದ್ದಲ್ಲ.

ಆಗ ವೈದ್ಯರನ್ನು ಕೇಳಿ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ (ಮುಟ್ಟು ನಿಂತ ಮೇಲೆ ಕುಗ್ಗುವ ಹೆಣ್ಣು ಹಾರ್ಮೋನ್) ಕ್ರೀಮ್ ಹಿಡಿದೆ: ಎರಡು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡು ರಾತ್ರಿ. ಈ ವಯಸ್ಸಿನಲ್ಲಿ ಹಾರ್ಮೋನ್ ಯಾಕೆ ಎಂದು ಮನೆಯವರೆಲ್ಲ ಹೆದರಿಸಿದರು. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಯೋನಿಯನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ಮರಳಿ ನೆಲೆಸಿ, ಆ ಜಾಗ ಆಮ್ಲೀಯವಾಗಿ, ಇ. ಕೊಲೈ ಬೇರೂರದಂತಾಗಲು ನನಗೆ ಮೂರು ತಿಂಗಳಾದರೂ ಹಿಡಿಯಿತು. ಬಹುತೇಕರು ಕೈಬಿಡುವುದು ಇಲ್ಲಿಯೇ. 1993ರ ಪ್ರಯೋಗದಲ್ಲಿ ಹುಸಿ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸುಮಾರು ಆರು ಬಾರಿ ಸೋಂಕಾದರೆ, ನಿಜವಾದದ್ದನ್ನು ಹಚ್ಚಿದವರಿಗೆ ಸರಾಸರಿ ಅರ್ಧ ಬಾರಿ, ಅಂದರೆ ಎರಡು ವರ್ಷಕ್ಕೆ ಒಮ್ಮೆ. ಇಷ್ಟು ಗಟ್ಟಿ ಫಲಿತಾಂಶವಿದ್ದರೂ ಯಾರೂ ಮೊದಲೇ ಹೇಳದಿದ್ದದ್ದು ಇಂದಿಗೂ ಸಿಟ್ಟು ತರಿಸುತ್ತದೆ.

ಕುಡಿಯುವ ನೀರನ್ನು ದಿನಕ್ಕೆ ಒಂದೂವರೆ ಲೀಟರಿನಷ್ಟು ಹೆಚ್ಚಿಸಿದೆ.

ಕ್ರೀಮಿನಿಂದ ಸೋಂಕು ವರ್ಷಕ್ಕೆ ಒಂದೆರಡಕ್ಕೆ ಇಳಿಯಿತು. ಉಳಿದದ್ದಕ್ಕೆ ಮೆಥೆನಮೈನ್ ಹಿಪ್ಪುರೇಟ್ ಎಂಬ ಗುಳಿಗೆ, ಒಂದು ಗ್ರಾಂನಂತೆ ದಿನಕ್ಕೆರಡು. ಇದು ಆ್ಯಂಟಿಬಯೋಟಿಕ್ ಅಲ್ಲ. ಆಮ್ಲೀಯ ಮೂತ್ರದಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಆಗಿ ಕ್ರಿಮಿಯನ್ನು ಕೊಲ್ಲುತ್ತದೆ. ದಿನವೂ ಕೊಡುವ ಆ್ಯಂಟಿಬಯೋಟಿಕ್‌ಗೆ ಇದು ಸಾಟಿಯಾಗಬಲ್ಲದು ಎಂದು 2022ರ ಬ್ರಿಟಿಷ್ ಪ್ರಯೋಗ ತೋರಿಸಿದ್ದನ್ನು ಮುಂದಿಟ್ಟ ಮೇಲೆಯೇ ನನ್ನ ವೈದ್ಯರು ಬರೆದುಕೊಟ್ಟರು. ಕುತೂಹಲಕ್ಕೆ ಮೂತ್ರದ ಆಮ್ಲೀಯತೆಯನ್ನು ಬಣ್ಣದಿಂದ ತೋರಿಸುವ ಪಿಎಚ್ ಪಟ್ಟಿ ತಂದು ನೋಡುತ್ತಿದ್ದೆ. ಉರಿ ತಣಿಸುವ ಕ್ಷಾರೀಯ ಸಿರಪ್ ಕುಡಿದ ದಿನ ಹಳದಿಯಾಗಬೇಕಾದ ಪಟ್ಟಿ ಹಸಿರಾಯಿತು, ಅಂದರೆ ಮೂತ್ರದ ಆಮ್ಲೀಯತೆ ತಗ್ಗಿತ್ತು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಗುಳಿಗೆಯ ಖರ್ಚು ದಂಡ. ಮೂತ್ರ ಇನ್ನಷ್ಟು ಆಮ್ಲೀಯವಾಗಲೆಂದು ವಿಟಮಿನ್ ಸಿ ನುಂಗಿದಾಗ ಪಟ್ಟಿಯ ಬಣ್ಣ ಅಷ್ಟಾಗಿ ಬದಲಾಗಲಿಲ್ಲ. ಸಲ್ಫಾ ಎಂಬ ಬಗೆಯ ಆ್ಯಂಟಿಬಯೋಟಿಕ್ ಜೊತೆ, ಮೂತ್ರಪಿಂಡ ಅಥವಾ ಯಕೃತ್ತು ತೀರಾ ಸೋತವರಿಗೆ ಮೆಥೆನಮೈನ್ ಸಲ್ಲದು.

ಜ್ವರ, ಚಳಿ, ಪಕ್ಕೆನೋವು ಬಂದರೆ ನನ್ನ ಪದ್ಧತಿಯನ್ನೆಲ್ಲ ಬದಿಗಿಟ್ಟು ಅದೇ ದಿನ ವೈದ್ಯರ ಬಳಿ ಹೋಗಿ. ಸೋಂಕು ಮೂತ್ರಪಿಂಡಕ್ಕೆ ಏರಿದಾಗ ಆ್ಯಂಟಿಬಯೋಟಿಕ್ ಬೇಕೇ ಬೇಕು.

ವರ್ಷದ ನಂತರ ಮೆಥೆನಮೈನ್ ನಿಲ್ಲಿಸಿದ್ದೇನೆ. ಕ್ರೀಮ್ ಮತ್ತು ನೀರು ಮಾತ್ರ ಉಳಿದಿವೆ.